ಮಂಗಳವಾರದ ಕ್ಲಿನಿಕ್ಕಿನಲ್ಲಿ ಸಂಗೀತಕ್ಕೂ ಅರ್ಧ ಗಂಟೆ: ದಕ್ಷಿಣ ಕನ್ನಡ ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯರೇ,

ಬದುಕೇ ಬೇಡವೆನ್ನುತ್ತಿದ್ದ ನನ್ನ ಅಕ್ಕನ ಮಗ ಎರಡು ವರ್ಷಗಳ ಹಿಂದೆ ಮಂಗಳೂರಿನ ಖಾಸಗಿ ಆಸ್ಪತ್ರೆಯೊಂದರಿಂದ ಮನೆಗೆ ಮರಳಿದಾಗ, ಮೊಬೈಲಿನಲ್ಲಿ ಹಾಡು ಕೇಳುತ್ತಿದ್ದಾನಲ್ಲ, ಇನ್ನು ಹೆದರಿಕೆಯಿಲ್ಲ ಎಂದು ನಾವೆಲ್ಲ ಸಮಾಧಾನಪಟ್ಟುಕೊಂಡಿದ್ದೆವು. ರಾತ್ರಿಯಿಡೀ ಅವನು ಕೇಳುತ್ತಿದ್ದುದು ಒಂದೇ ವಿರಹಗೀತೆಯನ್ನು ಎಂಬುದನ್ನು ಗಮನಿಸಿದವರು ಆಪ್ತ ಸಮಾಲೋಚಕಿ. ಖಿನ್ನತೆಯಲ್ಲಿರುವ ಕೆಲವರಿಗೆ ದುಃಖದ ಹಾಡಿನ ಪುನರಾವರ್ತನೆಯಿಂದ ಕೊರಗು ಹೆಚ್ಚುವುದೇ ಉಂಟು ಎಂದು ಅವರು ನಮಗೆ ತಿಳಿಯಹೇಳಿದರು. ಮಾತ್ರೆಯನ್ನೂ ವೈದ್ಯರ ಭೇಟಿಯನ್ನೂ ತಪ್ಪಿಸದೆ, ವಾರಕ್ಕೊಮ್ಮೆ ಅವನೇ ಆರಿಸಿದ ಸಂಗೀತವನ್ನು ಜೊತೆಗೆ ಕೂತು ಕೇಳಿ, ಬಳಿಕ ಅನ್ನಿಸಿದ್ದನ್ನು ಮಾತಾಡುವ ಕ್ರಮ ಆಮೇಲೆ ಶುರುವಾಯಿತು. ಮೂರನೆಯ ವಾರ ಕದ್ರಿ ಗೋಪಾಲನಾಥರ ಸ್ಯಾಕ್ಸೋಫೋನ್ ಕೇಳುತ್ತಿದ್ದಾಗ ಅವನ ಬೆರಳುಗಳು ಕುರ್ಚಿಯ ಕೈಯ ಮೇಲೆ ಆದಿತಾಳ ಎಣಿಸತೊಡಗಿದವು. ಎಂಟನೇ ತರಗತಿಯಲ್ಲಿ ಬಿಟ್ಟ ಮೃದಂಗದ ಪಾಠ ನಮಗೇ ಮರೆತುಹೋಗಿತ್ತು.

ಇಂಥ ರೋಗಕ್ಕೆ ಇಂಥ ರಾಗ ಎಂಬ ಪಟ್ಟಿ ಹಿಡಿದು ಬರುವವರನ್ನು ನಾನು ನಂಬುವುದಿಲ್ಲ. ತಾವೂ ನಂಬಬಾರದೆಂದು ವಿನಂತಿ. ಖಿನ್ನತೆಗೆ ಎಂದಿನ ಚಿಕಿತ್ಸೆಯ ಜೊತೆ ಸಂಗೀತ ಚಿಕಿತ್ಸೆಯೂ ಸೇರಿದರೆ ಅಲ್ಪಾವಧಿಯಲ್ಲಿ ಹೆಚ್ಚು ಪ್ರಯೋಜನ ಕಾಣುತ್ತದೆ ಎಂಬಷ್ಟನ್ನೇ ಹಲವು ವೈದ್ಯಕೀಯ ಅಧ್ಯಯನಗಳನ್ನು ಒಟ್ಟಿಗೆ ತೂಗಿನೋಡಿದ 2017ರ ಕಾಕ್ರೇನ್ ಪರಾಮರ್ಶೆ ಹೇಳಿದೆ. ಆತ್ಮಹತ್ಯೆಯ ಯೋಚನೆಯನ್ನು ಸಂಗೀತವೊಂದೇ ತಡೆದೀತೆಂದು ಅದು ಹೇಳಿಲ್ಲ.

2022ರಲ್ಲಿ ದೇಶದಲ್ಲಿ 1,70,924 ಮಂದಿ ಆತ್ಮಹತ್ಯೆಯಿಂದ ತೀರಿಕೊಂಡರೆಂಬುದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಲೆಕ್ಕ. ಆತ್ಮಹತ್ಯೆಗೆ ಯತ್ನಿಸಿದವರಿಗೆ ಆರೈಕೆ, ಚಿಕಿತ್ಸೆ, ಪುನರ್ವಸತಿ ಒದಗಿಸುವ ಹೊಣೆಯನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಸೆಕ್ಷನ್ ಸರ್ಕಾರಕ್ಕೇ ವಹಿಸಿದೆ. ನಮ್ಮ ಹುಡುಗನಿಗೆ ಸಿಕ್ಕಿದ್ದು ದುಡ್ಡು ಕೊಟ್ಟು. ತಾಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ನಡೆಯುವ ಮನೋಚೈತನ್ಯ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಕ್ಲಿನಿಕ್ಕಿನಲ್ಲಿ, ಮನೋವೈದ್ಯರು ಸೂಚಿಸಿದವರಿಗೆ ಮಾತ್ರ, ಗದ್ದಲವಿಲ್ಲದ ಒಂದು ಕೋಣೆ, ಒಂದು ಸ್ಪೀಕರ್ ಮತ್ತು ತರಬೇತಿ ಪಡೆದ ಸಮಾಲೋಚಕರ ಅರ್ಧ ಗಂಟೆ ಉಚಿತವಾಗಿ ಸಿಗುವಂತೆ ಮಾಡಬೇಕೆಂಬುದು ನನ್ನ ಕೋರಿಕೆ. ದಯವಿಟ್ಟು ಇದನ್ನು ವಾರ್ಡಿಗೆಲ್ಲ ಭಜನೆ ಹಾಕುವ ಏರ್ಪಾಡಾಗಿಸಬೇಡಿ. ಒಬ್ಬರಿಗೆ ತುಳು ಜನಪದ ಹಾಡಾದ ಪಾಡ್ದನ, ಒಬ್ಬರಿಗೆ ಬ್ಯಾರಿ ಹಾಡು, ಮತ್ತೊಬ್ಬರಿಗೆ ಕೊಂಕಣಿ ಹಾಡು ಬೇಕಾದೀತು. ಏನೂ ಬೇಡವೆಂದವರಿಗೆ ಒತ್ತಾಯ ಸಲ್ಲದು.

ಹಗಲುರಾತ್ರಿ ಕನ್ನಡದಲ್ಲೇ ಉಚಿತವಾಗಿ ಮಾತಾಡಿಸುವ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಆ ಕೋಣೆಯ ಬಾಗಿಲ ಮೇಲೆ ದೊಡ್ಡದಾಗಿ ಬರೆಸಿ. ಆರು ತಿಂಗಳ ಪ್ರಯೋಗವನ್ನು ಗೋಪಾಲನಾಥರು ಹುಟ್ಟಿದ ಬಂಟ್ವಾಳ ತಾಲೂಕಿನಿಂದಲೇ ಆರಂಭಿಸಬಹುದು.

ಇತಿ ತಮ್ಮ ವಿಶ್ವಾಸಿ,
ಒಬ್ಬ ಸೋದರಮಾವ, ಮಂಗಳೂರು