ಪದ್ಮಿನಿಗಾಗಿ ಸಾಲ ಬೇಕಾ?

ಮಾನ್ಯರೇ,

ಹಳೆ ಕಾರು, ಜೀಪು ಕೊಂಡು ರೆಡಿ ಮಾಡಿಸುವ ಶೋಕಿ ನಮ್ಮ ಗಂಗಾವತಿ ಕಡೆಗೂ ಬಂದಿದೆ. ನನಗೂ ಇದೆ, ಸುಳ್ಳು ಯಾಕೆ. ಹೋದ ತಿಂಗಳು ಒಂದು ಪ್ರೀಮಿಯರ್ ಪದ್ಮಿನಿ ನೋಡಿ ಬಂದೆ. ರಿಪೇರಿ ಸೇರಿ ಮೂರು ಲಕ್ಷ. ಪರಿಚಯದ ದಲಾಲಿ ಅಂಗಡಿಯವರು ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿಗೆ ಸಾಲ ಕೊಡುತ್ತೇನೆ ಎಂದರು. ಎರಡೇ ರೂಪಾಯಿ ಅಲ್ವಾ ಅನಿಸುತ್ತದೆ, ಆದರೆ ಅದು ವರ್ಷಕ್ಕೆ ಶೇ 24, ಅಂದರೆ ತಿಂಗಳಿಗೆ ಬರೀ ಬಡ್ಡಿಯೇ 6,000, ಅಸಲು ಇದ್ದಲ್ಲೇ ಇರುತ್ತದೆ. ಬ್ಯಾಂಕಿನಲ್ಲಿ ಪರ್ಸನಲ್ ಲೋನ್ ಶೇ 14ಕ್ಕೆ ಸಿಕ್ಕರೂ 3 ವರ್ಷ ತಿಂಗಳಿಗೆ ಸುಮಾರು 10,250 ಕಂತು, ಒಟ್ಟು ಬಡ್ಡಿ 69,000 ದಾಟುತ್ತದೆ.

ಇಷ್ಟು ಕಟ್ಟಿದರೂ ಆ ಕಾರು ಭತ್ತ ಹೊರುವುದಿಲ್ಲ, ಭಾನುವಾರ ಆನೆಗೊಂದಿಗೆ ಹೋಗಿ ಬರಬಹುದು, ಅಷ್ಟೇ. 15 ವರ್ಷ ದಾಟಿದ ಕಾರಿಗೆ 5 ವರ್ಷಕ್ಕೊಮ್ಮೆ ನೋಂದಣಿ ನವೀಕರಣ ಬೇರೆ. ವಿಂಟೇಜ್ ಅಂತ ಬರೆಸೋಣ ಅಂದರೆ 50 ವರ್ಷ ದಾಟಿರಬೇಕು, ಬರೆಸಿದ ಮೇಲೆ ದಿನದ ಓಡಾಟಕ್ಕೆ ಬಳಸುವಂತಿಲ್ಲ. ಟ್ರ್ಯಾಕ್ಟರ್ ಸಾಲವನ್ನು ಟ್ರ್ಯಾಕ್ಟರೇ ದುಡಿದು ತೀರಿಸುತ್ತದೆ, ಪದ್ಮಿನಿ ಶೆಡ್ಡಿನಲ್ಲಿ ನಿಂತು ತಿನ್ನುತ್ತದೆ (ಇದು ನಮ್ಮ ಮನೆಯವಳ ಮಾತು).

ಸಾಲ ಬೇಡ ಅಂತ ಬಿಟ್ಟೆ. ಆ ಕಂತಿನ ದುಡ್ಡನ್ನೇ ಅಂಚೆ ಕಚೇರಿ ಆರ್‌ಡಿಗೆ (ತಿಂಗಳು ತಿಂಗಳು ಕಟ್ಟುವ ಉಳಿತಾಯ ಠೇವಣಿ) ಕಟ್ಟುತ್ತಿದ್ದೇನೆ. ಅಷ್ಟರಲ್ಲಿ ಪದ್ಮಿನಿ ಬೇರೆಯವರ ಪಾಲಾದರೆ ಆಗಲಿ ಬಿಡಿ.

– ಒಬ್ಬ ಓದುಗ, ಗಂಗಾವತಿ, ಕೊಪ್ಪಳ ಜಿಲ್ಲೆ