ಹೀಟರ್ ಬದಲಿಸುವ ಮೊದಲು ಟೆಂಪರೇಚರ್ ಮುಳ್ಳು ನೋಡಿ

ಮಾನ್ಯರೇ,

ಮಡಿಕೇರಿ ಕಡೆ ಚಳಿಗಾಲದ ಬೆಳಗ್ಗೆ ಹಳೆ ಪಿಕಪ್ ಓಡಿಸುವವರಿಗೆ ಹೀಟರ್ ಬರೀ ಸುಖಕ್ಕಲ್ಲ. ಗಾಜಿಗೆ ಮಂಜು ಕಟ್ಟಿದರೆ ತಿರುವಿನಲ್ಲಿ ಎದುರು ಬರುವ ಬಸ್ಸೇ ಕಾಣುವುದಿಲ್ಲ. ನನ್ನ ಗಾಡಿಯಲ್ಲಿ ಬಿಸಿಗಾಳಿ ಕಮ್ಮಿಯಾದಾಗ ಗ್ಯಾರೇಜಿನವರು ಸುಮ್ನೆ ‘ಹೀಟರ್ ಕೋರ್ (ಇಂಜಿನ್ನಿನ ಬಿಸಿಯಿಂದ ಗಾಳಿ ಕಾಯಿಸುವ ಭಾಗ) ಬದಲಿಸಿ’ ಎಂದರು. ಇಂಜಿನ್ನಿನ ಬಿಸಿ ಹೊತ್ತೊಯ್ಯುವ ದ್ರವ, ಅಂದರೆ ಕೂಲಂಟ್, ಎಷ್ಟಿದೆ ಎಂದೂ ನೋಡಲಿಲ್ಲ! ಎಷ್ಟು ದೂರ ಓಡಿಸಿದರೂ ಟೆಂಪರೇಚರ್ ಮುಳ್ಳು ಕೆಳಗೇ ಇತ್ತು. ಇಂಜಿನ್ ಬಿಸಿಯಾಗುವವರೆಗೆ ಕೂಲಂಟನ್ನು ರೇಡಿಯೇಟರ್‌ಗೆ ಬಿಡದೆ ತಡೆಯುವ ಥರ್ಮೋಸ್ಟಾಟ್ ತೆರೆದೇ ನಿಂತರೆ ಹೀಗಾಗುತ್ತದೆ, ಅಲ್ವಾ? ಅದನ್ನು ಬದಲಿಸಿದೆ, ಸರಿಹೋಯಿತು. ಮುಳ್ಳು ಸರಿಯಿದ್ದು, ಹೀಟರ್‌ನ ಒಂದು ಪೈಪ್ ಬಿಸಿ, ಇನ್ನೊಂದು ತಣ್ಣಗಿದ್ದರೆ ಕೋರ್ ಒಳಗೆ ಕಸ ಕಟ್ಟಿಕೊಂಡಿರಬಹುದು, ಇಲ್ಲವೇ ಒಳಗೆ ಗಾಳಿ ಸೇರಿರಬಹುದು. ಇಂಜಿನ್ ಬಿಸಿಯಿದ್ದಾಗ ರೇಡಿಯೇಟರ್ ಮುಚ್ಚಳ ಮಾತ್ರ ತೆಗೆಯಬೇಡಿ. ಮೆಕ್ಯಾನಿಕ್‌ಗಳು ದಯವಿಟ್ಟು ಮೊದಲು ಇಷ್ಟನ್ನು ನೋಡಲಿ.

– ಒಬ್ಬ ಪಿಕಪ್ ಚಾಲಕ, ಮಡಿಕೇರಿ