ವೇದಿಕೆ ಬೇಡ, ಟೇಬಲ್ ಕೊಡಿ: ನಮ್ಮ ಕ್ಷೇತ್ರದ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ,

ಸವಿನಯ ವಂದನೆಗಳು.

ಫೆಬ್ರವರಿ 11 ಮತ್ತೆ ಹತ್ತಿರ ಬರುತ್ತಿದೆ. ವಿಜ್ಞಾನ ಕ್ಷೇತ್ರದ ಮಹಿಳೆಯರು ಮತ್ತು ಹೆಣ್ಣುಮಕ್ಕಳಿಗಾಗಿ ಮೀಸಲಾದ ಅಂತರರಾಷ್ಟ್ರೀಯ ದಿನ. 2015ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆ ಘೋಷಿಸಿತು, 2016ರಿಂದ ಆಚರಣೆ ಶುರುವಾಯಿತು. ತಮಗೆ ಹೊಸದೇನಲ್ಲ, ಹೋದ ವರ್ಷದ ಭಾಷಣದಲ್ಲಿ ತಾವೇ ಇದನ್ನು ಎರಡು ಸಲ ಹೇಳಿದಿರಿ. ಅನುದಾನ ಹೇಗೆ ಬರುತ್ತದೆ, ಮಾರ್ಚ್ 31ರೊಳಗೆ ಖರ್ಚಾಗದಿದ್ದರೆ ಎಲ್ಲಿಗೆ ಹೋಗುತ್ತದೆ, ಹಣಬಳಕೆ ಪ್ರಮಾಣಪತ್ರದಲ್ಲಿ ಏನು ಬರೆಯಬೇಕು, ಇದೂ ನಮಗಿಂತ ತಮಗೇ ಚೆನ್ನಾಗಿ ಗೊತ್ತು. ಆದ್ದರಿಂದ ನೇರ ವಿಷಯಕ್ಕೆ ಬರುತ್ತೇವೆ. ಈ ಸಲ ವೇದಿಕೆ ಬೇಡ, ಟೇಬಲ್ ಕೊಡಿ.

ಹೋದ ವರ್ಷ ಆದದ್ದನ್ನು ಒಮ್ಮೆ ನೆನಪಿಸಲೇಬೇಕು. ಎಂಟು, ಒಂಬತ್ತನೇ ತರಗತಿಯ 120 ಹುಡುಗಿಯರನ್ನು ಹತ್ತು ಗಂಟೆಗೆ ಬರಹೇಳಿದ್ದರು. ಅವರಲ್ಲಿ ಎಂಟು ಜನರನ್ನು ಆರಿಸಿ, ಸೀರೆ ಉಡಿಸಿ, ಪೂರ್ಣಕುಂಭ ಹಿಡಿಸಿ ಒಂಬತ್ತು ಮುಕ್ಕಾಲಿಗೇ ಗೇಟಿನ ಬಳಿ ನಿಲ್ಲಿಸಿದರು. ತಾವು ಬಂದದ್ದು 12.20ಕ್ಕೆ. ಬೇರೆ ಕಾರ್ಯಕ್ರಮವಿತ್ತು, ಒಪ್ಪಿಕೊಳ್ಳೋಣ. ಕುಂಭ ಹಿಡಿದವರಿಗೂ ಬೇರೆ ಕಾರ್ಯಕ್ರಮ ಇರಬೇಕಿತ್ತು. ಅದಕ್ಕೆಂದೇ ಅವರು ಬಂದಿದ್ದರು.

ವೇದಿಕೆ ಮೇಲೆ 14 ಕುರ್ಚಿ. ಅದರಲ್ಲಿ ಇಬ್ಬರು ಮಹಿಳೆಯರು. ಒಬ್ಬರು ನಿರೂಪಣೆಗೆ, ಒಬ್ಬರು ವಂದನಾರ್ಪಣೆಗೆ. ಹಿಂದಿನ ಫ್ಲೆಕ್ಸಿನಲ್ಲಿ ಚಂದ್ರಯಾನ-2ರ ಯೋಜನಾ ನಿರ್ದೇಶಕಿ ಮುತ್ತಯ್ಯ ವನಿತಾ, ಮಿಷನ್ ನಿರ್ದೇಶಕಿ ರಿತು ಕರಿಧಾಲ್ ಅವರ ಫೋಟೊ ಇತ್ತು, ಅಂಚೆಚೀಟಿಯ ಗಾತ್ರದಲ್ಲಿ. ಉಳಿದ ಜಾಗದಲ್ಲಿ ಯಾರಿದ್ದರು ಎಂದು ತಮಗೆ ಬಿಡಿಸಿ ಹೇಳಬೇಕಿಲ್ಲ. ಸ್ವಾಗತ, ಹಾರ, ಶಾಲು, ಪೇಟ, ನೆನಪಿನ ಕಾಣಿಕೆ. ತಮ್ಮ ಭಾಷಣವೊಂದೇ 40 ನಿಮಿಷ. ಊಟ ಮುಗಿಯುವಾಗ ಎರಡೂವರೆ. ಆಮೇಲೆ ರಂಗೋಲಿ ಸ್ಪರ್ಧೆಯ ಬಹುಮಾನ. ಮೂರು ಗಂಟೆಗೆ ಮಕ್ಕಳು ಬಸ್ಸಿಗೆ ಓಡಿದರು.

ಪ್ರಯೋಗದ ಪೆಟ್ಟಿಗೆಗಳನ್ನು ಯಾರೂ ತೆರೆಯಲಿಲ್ಲ.

ಆ ರಂಗೋಲಿ ವಿಷಯ ಒಂದು ಮಾತು. ಮೊದಲ ಬಹುಮಾನ ಬಂದದ್ದು ಡಿಎನ್‌ಎ ಚಿತ್ರಕ್ಕೆ. ಹುಡುಗಿ ಬಣ್ಣ ತುಂಬಿದ್ದು ಬಹಳ ಚೆಂದ. ಆದರೆ ಸುರುಳಿ ಎಡಕ್ಕೆ ತಿರುಗಿತ್ತು. ನಮ್ಮ ಮೈಯ ಜೀವಕೋಶಗಳಲ್ಲಿ ಸಾಮಾನ್ಯವಾಗಿ ಇರುವ ಡಿಎನ್‌ಎ ಬಲಸುರುಳಿ, ಮಾಮೂಲಿ ಸ್ಕ್ರೂ ಇದ್ದಂತೆ. ತೀರ್ಪುಗಾರರು ಯಾರೂ ಗಮನಿಸಲಿಲ್ಲ, ಅವರನ್ನು ಕರೆಸಿದ್ದು ಬಣ್ಣ ನೋಡುವುದಕ್ಕೆ. ಹತ್ತು ಮಾರು ದೂರದ ಬೆಂಚಿನ ಮೇಲೆ ಬಾಳೆಹಣ್ಣಿನಿಂದ ನಿಜವಾದ ಡಿಎನ್‌ಎ ತೆಗೆಯುವ ಸಾಮಾನೆಲ್ಲ ಜೋಡಿಸಿಟ್ಟಿತ್ತು.

ಅದೇನು ದೊಡ್ಡ ವಿದ್ಯೆಯಲ್ಲ. ಅರ್ಧ ಬಾಳೆಹಣ್ಣನ್ನು ಜಿಪ್ ಕವರಿನಲ್ಲಿ ಹಾಕಿ ಕಿವುಚಬೇಕು. 100 ಮಿ.ಲೀ. ನೀರಿಗೆ ಅರ್ಧ ಟೀ ಚಮಚ ಉಪ್ಪು, ಎರಡು ಚಮಚ ಪಾತ್ರೆ ತೊಳೆಯುವ ಲಿಕ್ವಿಡ್ ಸೇರಿಸಿ, ಅದನ್ನು ಕಿವುಚಿದ ಹಣ್ಣಿಗೆ ಹಾಕಿ, ನೊರೆ ಬಾರದಂತೆ ಮೆಲ್ಲಗೆ ಬೆರೆಸಿ ಹತ್ತು ನಿಮಿಷ ಬಿಡಬೇಕು. ಸೋಪು ಜೀವಕೋಶದ ಪೊರೆ ಒಡೆಯುತ್ತದೆ. ಮಲ್ಲು ಬಟ್ಟೆಯಲ್ಲಿ ಸೋಸಿದ ರಸವನ್ನು 5 ಮಿ.ಲೀ.ನಷ್ಟು ಪ್ರನಾಳಕ್ಕೆ ಹಾಕಿ, ಪ್ರನಾಳವನ್ನು ಓರೆ ಹಿಡಿದು, ಅಷ್ಟೇ ಐಸೊಪ್ರೊಪೈಲ್ ಆಲ್ಕೊಹಾಲನ್ನು ಗೋಡೆಗುಂಟ ಇಳಿಸಬೇಕು. ರಪ್ಪನೆ ಸುರಿದರೆ ಎರಡೂ ಬೆರೆತು ಪದರವೇ ಉಳಿಯುವುದಿಲ್ಲ. ನಿಧಾನಕ್ಕೆ ಇಳಿಸಿದರೆ ನಾಲ್ಕೈದು ನಿಮಿಷದಲ್ಲಿ ಎರಡು ಪದರ ಕೂಡುವ ಕಡೆ ಬಿಳಿ ಎಳೆಗಳು ಏಳುತ್ತವೆ, ಹತ್ತಿಯ ಎಳೆಯ ಹಾಗೆ. ಅದನ್ನು ಕಡ್ಡಿಗೆ ಸುತ್ತಿ ಎತ್ತಿದ ಹುಡುಗಿಗೆ ಡಿಎನ್‌ಎ ಎಂದರೇನು ಎಂದು ಭಾಷಣ ಮಾಡಬೇಕಾಗಿಲ್ಲ.

ಆದರೆ ಆಲ್ಕೊಹಾಲ್ ಕೊರೆಯುವಷ್ಟು ತಣ್ಣಗಿರಬೇಕು. ಬೆಚ್ಚಗಿದ್ದರೆ ಡಿಎನ್‌ಎ ಕತ್ತರಿಸುವ ಕಿಣ್ವಗಳು ಚುರುಕಾಗುತ್ತವೆ, ಎಳೆ ಸರಿಯಾಗಿ ಏಳುವುದಿಲ್ಲ. ರಾತ್ರಿಯಿಡೀ ಫ್ರೀಜರಿನಲ್ಲಿಟ್ಟು, ಬೆಳಿಗ್ಗೆ ಐಸ್ ತುಂಬಿದ ಥರ್ಮೊಕೋಲ್ ಡಬ್ಬಿಯಲ್ಲಿ ತಂದಿದ್ದರು. ಶಾಮಿಯಾನದ ಸೆಕೆಗೆ ಒಂದು ಗಂಟೆಯ ಹೊತ್ತಿಗೆ ಡಬ್ಬಿಯಲ್ಲಿದ್ದದ್ದು ಬರೀ ನೀರು.

ಮೈಕ್ರೋಸ್ಕೋಪಿನದು ಇನ್ನೊಂದು ಕಥೆ. 120 ಮಕ್ಕಳಿಗೆ ಮೂರು, ಅವೂ ಕೆಳಗೆ ಕನ್ನಡಿ ಇರುವ ಹಳೆಯವು. ಅವಕ್ಕೆ ಕಿಟಕಿಯ ಬೆಳಕು ಬೇಕು. ಶಾಮಿಯಾನದ ಒಳಗೆ ಏನೂ ಕಾಣುವುದಿಲ್ಲ, ಬಿಸಿಲಿಗೆ ತಂದು ಕನ್ನಡಿಯನ್ನು ನೇರ ಸೂರ್ಯನಿಗೆ ತಿರುಗಿಸಿದರೆ ನೋಡಿದವರ ಕಣ್ಣೇ ಹೋಗುತ್ತದೆ. ಈರುಳ್ಳಿ ಪೊರೆಯ ಸ್ಲೈಡ್ ಮಾಡುವುದನ್ನು ಪ್ರತಿ ಹುಡುಗಿಯೂ ಕೈಯಾರೆ ಕಲಿಯಬೇಕು. ಒಂದು ಹನಿ ಅಯೋಡಿನ್, ಕವರ್‌ಸ್ಲಿಪ್ಪನ್ನು ಒಂದು ಅಂಚಿನಿಂದ ಓರೆಯಾಗಿ ಇಳಿಸುವುದು. ಚಪ್ಪಟೆಯಾಗಿ ಇಟ್ಟರೆ ಗಾಳಿಗುಳ್ಳೆ ಸಿಕ್ಕಿಕೊಳ್ಳುತ್ತದೆ. ಕಪ್ಪು ದಪ್ಪ ಅಂಚಿನ ಆ ದುಂಡನೆಯ ಗುಳ್ಳೆಯನ್ನೇ ಜೀವಕೋಶ ಎಂದು ಬರೆದುಕೊಂಡು ಹೋಗುವ ಮಕ್ಕಳು ಎಷ್ಟೋ. ಈರುಳ್ಳಿಯ ಕೋಶ ಇಟ್ಟಿಗೆ ಜೋಡಿಸಿದ ಹಾಗೆ ಕಾಣಬೇಕು. ಇದನ್ನು ಪಕ್ಕದಲ್ಲಿ ನಿಂತು ತಿದ್ದಬೇಕೇ ಹೊರತು ಮೈಕಿನಲ್ಲಿ ಹೇಳಲಾಗದು.

ಅದಕ್ಕೇ ಟೇಬಲ್ ಕೇಳುತ್ತಿರುವುದು.

ಲೆಕ್ಕ ಇಲ್ಲಿದೆ, ತಮ್ಮ ಆಪ್ತ ಸಹಾಯಕರಿಗೆ ಕೊಡಿ. 96 ಹುಡುಗಿಯರು, ನಾಲ್ವರಂತೆ 24 ಗುಂಪು. ಮೂರು ಪ್ರಯೋಗ (ಮೂರನೆಯದು ಕೊನೆಯ ವಿ.ಸೂ.ದಲ್ಲಿದೆ), ಒಂದೊಂದಕ್ಕೆ ಎಂಟು ಟೇಬಲ್. 50 ನಿಮಿಷದ ಮೂರು ಸುತ್ತು, ನಡುವೆ ಹತ್ತು ನಿಮಿಷ. 10.15ಕ್ಕೆ ಶುರುವಾದರೆ 1.05ಕ್ಕೆ ಮುಗಿಯುತ್ತದೆ. ಗುಂಪಿನೊಳಗೆ ಕೆಲಸ ಬದಲಾಗುತ್ತಲೇ ಇರಬೇಕು, ಇಲ್ಲವಾದರೆ ಒಬ್ಬಳು ಮಾಡುತ್ತಾಳೆ, ಮೂವರು ನೋಡುತ್ತಾರೆ. ಹುಡುಗರನ್ನು ಆ ದಿನ ಬೆರೆಸುವುದು ಬೇಡ. ಹಾಗೆ ಬೆರೆಸಿದಾಗಲೆಲ್ಲ ಉಪಕರಣ ಅವರ ಕೈಗೆ, ಪೆನ್ನು ಇವರ ಕೈಗೆ. ಸಾಮಾನು: ಬಾಳೆಹಣ್ಣು 12, ಐಸೊಪ್ರೊಪೈಲ್ ಆಲ್ಕೊಹಾಲ್ ಒಂದು ಲೀಟರ್ (ಅರ್ಧ ಸಾಕು, ಚೆಲ್ಲುತ್ತದೆ), ಸ್ಲೈಡ್ 100, ಕವರ್‌ಸ್ಲಿಪ್ 200 (ಒಡೆಯುತ್ತವೆ), ಮೈಕ್ರೋಸ್ಕೋಪ್ ಎಂಟು. ಎಂಟನ್ನೂ ಕೊಳ್ಳಬೇಕಾಗಿಲ್ಲ, ತಾಲ್ಲೂಕಿನ ಪ್ರೌಢಶಾಲೆಗಳ ಬೀರುಗಳಲ್ಲಿ ಬೀಗ ಹಾಕಿಟ್ಟದ್ದಿವೆ. ಒಂದು ದಿನದ ಮಟ್ಟಿಗೆ ಹೊರಗೆ ಬರಲು ಒಂದು ಆದೇಶ ಸಾಕು. ಇದಿಷ್ಟಕ್ಕೆ ಆಗುವ ಖರ್ಚು ಹೋದ ವರ್ಷದ ಹಾರ-ಶಾಲಿನ ಬಿಲ್ಲನ್ನು ದಾಟದು.

ಮಧ್ಯಾಹ್ನ ಒಂದು ಗಂಟೆ ಮಾತುಕತೆಗೆ. ಇಸ್ರೋದಿಂದಲೇ ಯಾರಾದರೂ ಬರಬೇಕೆಂದಿಲ್ಲ. ತಾಲ್ಲೂಕು ಆಸ್ಪತ್ರೆಯ ಲ್ಯಾಬ್ ಟೆಕ್ನಿಷಿಯನ್, ಮಣ್ಣು ಪರೀಕ್ಷೆ ಮಾಡುವ ಕೃಷಿ ಅಧಿಕಾರಿ, ಪಶುವೈದ್ಯೆ ಬಂದು ಟೇಬಲ್ ಪಕ್ಕ ಕೂತರೆ ಸಾಕು. ಯಾವ ಕೋರ್ಸು, ಎಷ್ಟು ಫೀಸು, ಹಾಸ್ಟೆಲ್ ಎಲ್ಲಿ, ಮನೆಯಲ್ಲಿ ಹೇಗೆ ಒಪ್ಪಿಸಿದಿರಿ ಎಂದು ಮಕ್ಕಳು ಕೇಳುವುದು ಅವರನ್ನೇ. ಮೂರಕ್ಕೆ ಬಿಡಬೇಕು. ಶಕ್ತಿ ಯೋಜನೆಯಿಂದ ಟಿಕೆಟ್ಟಿನ ಚಿಂತೆ ಇಲ್ಲ, ಬಸ್ಸಿನ ಚಿಂತೆ ಇದೆ. ಹಳ್ಳಿ ಕಡೆಯ ಬಸ್ಸು ತಪ್ಪಿದರೆ ಮುಂದಿನ ವರ್ಷ ಅಪ್ಪ ಅಮ್ಮ ಕಳಿಸುವುದೇ ಇಲ್ಲ. ಶೌಚಾಲಯದ ಬೀಗದ ಕೈ ಯಾರ ಬಳಿ ಇದೆ ಎಂದು ಅಂದು ಬೆಳಿಗ್ಗೆ ಹುಡುಕುವಂತಾಗಬಾರದು, ಇದನ್ನೂ ಬರೆದು ಹೇಳಬೇಕಾಗಿ ಬಂತು.

“ಫೆಬ್ರವರಿ 28ರ ವಿಜ್ಞಾನ ದಿನದ ಜೊತೆಗೇ ಸೇರಿಸಿ ಮುಗಿಸಿಬಿಡಿ” ಎಂಬ ಸಲಹೆ ತಮ್ಮ ಕಚೇರಿಯಿಂದ ಬಂದಿದೆ. 28 ರಾಮನ್ ಪರಿಣಾಮದ ದಿನ, ಆಗಲಿ, ಅದೂ ನಡೆಯಲಿ. ಆದರೆ 1933ರಲ್ಲಿ, ಮುಂದೆ ಜೀವರಸಾಯನ ವಿಜ್ಞಾನಿಯಾದ ಕಮಲಾ ಸೊಹೋನಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದಾಗ, ಹೆಣ್ಣೆಂಬ ಕಾರಣಕ್ಕೆ ಬೇಡ ಎಂದ ನಿರ್ದೇಶಕರು ಇದೇ ರಾಮನ್. ಆಕೆ ಪಟ್ಟು ಬಿಡದೆ ನಿಂತದ್ದಕ್ಕೆ ಒಂದು ವರ್ಷದ ಪರೀಕ್ಷಾವಧಿಯ ಮೇಲೆ ಒಳಗೆ ಬಿಟ್ಟರು. 1939ರಲ್ಲಿ ಕೇಂಬ್ರಿಡ್ಜ್ ಆಕೆಗೆ ಪಿಎಚ್.ಡಿ. ಕೊಟ್ಟಿತು. ರಾಮನ್ ದೊಡ್ಡವರೇ, ಅನುಮಾನವಿಲ್ಲ. ಆದರೆ ಕಮಲಾಗೆ ಪರೀಕ್ಷಾವಧಿಯಲ್ಲಾದರೂ ಪ್ರಯೋಗಾಲಯದಲ್ಲಿ ಒಂದು ಜಾಗ ಸಿಕ್ಕಿತ್ತು. ನಮ್ಮ ಹುಡುಗಿಯರಿಗೆ ಸಿಕ್ಕಿದ್ದು ಪೂರ್ಣಕುಂಭ.

ಆದ್ದರಿಂದ ಮತ್ತೊಮ್ಮೆ: ಫೆಬ್ರವರಿ 11ನ್ನು ಪ್ರತ್ಯೇಕವಾಗಿಯೇ ಮಾಡಿ. ಆದೇಶ ಮತ್ತು ಹಣ ಡಿಸೆಂಬರ್ 15ರೊಳಗೆ ಬರಲಿ, ಫೆಬ್ರವರಿ 9ನೇ ತಾರೀಖು ಸಂಜೆ ಬಂದರೆ ಕೊಳ್ಳಲು ಸಿಗುವುದು ಹಾರ ಮಾತ್ರ. ಉದ್ಘಾಟನೆ 15 ನಿಮಿಷ. ಕುಂಭ, ಪೇಟ, ಶಾಲು ಬೇಡ. ತಾವು ದಯವಿಟ್ಟು ಬನ್ನಿ, ಬಂದು ಯಾವುದಾದರೂ ಒಂದು ಟೇಬಲ್ಲಿನಲ್ಲಿ ಕೂತು ನೀವೇ ಒಂದು ಸ್ಲೈಡ್ ಮಾಡಿ. ಹುಡುಗಿಯರು ಹೇಳಿಕೊಡುತ್ತಾರೆ. ವೇದಿಕೆ ಬೇಡ, ಟೇಬಲ್ ಕೊಡಿ.

ಇಂತಿ ತಮ್ಮ ವಿಶ್ವಾಸಿಗಳು,
ತಾಲ್ಲೂಕಿನ ವಿಜ್ಞಾನ ಶಿಕ್ಷಕಿಯರು ಮತ್ತು ಸ್ವಯಂಸೇವಕರು

ವಿ.ಸೂ.: ಮೂರನೇ ಪ್ರಯೋಗಕ್ಕೆ ಒಂದು ಕನ್ನಡಿ ಬೇಕು. ಕಪ್ಪು ಕಾಗದ ಅಂಟಿಸಿ, 5 ಮಿ.ಮೀ. ರಂಧ್ರ ಬಿಟ್ಟು, ಬಿಸಿಲಿನಲ್ಲಿಟ್ಟು ಹತ್ತು ಮೀಟರ್ ದೂರದ ಕತ್ತಲೆ ಕೋಣೆಯ ಗೋಡೆಗೆ ತಿರುಗಿಸಿದರೆ ಸುಮಾರು 9 ಸೆಂ.ಮೀ. ಅಗಲದ ಸೂರ್ಯಬಿಂಬ ಮೂಡುತ್ತದೆ. ಸುಮಾರು ಎರಡು ನಿಮಿಷಕ್ಕೊಮ್ಮೆ ಬಿಂಬ ತನ್ನ ಅಗಲದಷ್ಟು ಸರಿಯುವುದನ್ನು ಪೆನ್ಸಿಲಿನಲ್ಲಿ ಗುರುತು ಹಾಕಬಹುದು. ಆ ಲೆಕ್ಕದಲ್ಲಿ ತಮ್ಮ ಭಾಷಣ ಇಪ್ಪತ್ತು ಬಿಂಬದಷ್ಟು ಉದ್ದವಿತ್ತು. ಅಂದು ಬೆಳಿಗ್ಗೆ ಜೋಡಿಸಿಟ್ಟಿದ್ದ ಕನ್ನಡಿಯನ್ನು ತಲೆ ಬಾಚಿಕೊಳ್ಳಲೆಂದು ಅತಿಥಿಗಳ ಕೋಣೆಗೆ ಯಾರೋ ಒಯ್ದರು, ಇನ್ನೂ ಬಂದಿಲ್ಲ. ತಮ್ಮ ಕಡೆಯವರಲ್ಲಿದ್ದರೆ ಕಳಿಸಿಕೊಡಿ.